ಏಳನೇ ಹಾಸಿಗೆಯ ಹಸಿರು ಗುಂಡಿ

ಒಂದು ಕೈಯಲ್ಲಿ ತೊಳೆದ ಮಲಪಾತ್ರೆ, ಇನ್ನೊಂದರಲ್ಲಿ ಫೋನು ಹಿಡಿದುಕೊಂಡೇ ಇಂಗ್ವಿಲ್ಡ್ ಮೊಣಕೈಯಿಂದ ಬಟ್ಟೆಕೋಣೆಯ ಬಾಗಿಲು ತಳ್ಳಿ ಒಳಗೆ ನುಗ್ಗಿದಳು. ದಿಂಬಿನ ಚೀಲಗಳ ನಡುವೆ ನಿಂತು ಹೆಬ್ಬೆರಳಿನಲ್ಲಿ ಹರಾಜಿಗೆ ಹೊಸ ಬೆಲೆ ಒತ್ತಿ ಕಳಿಸಿದಳು. ಮಲಪಾತ್ರೆಯನ್ನು ಕಂಕುಳಲ್ಲಿ ಅವುಚಿಕೊಂಡು ಉಸಿರು ಬಿಟ್ಟಳು.

“ಎಷ್ಟು ಏರಿಸ್ದೆ?” ಬೆನ್ನಿಗೇ ಬಂದಿದ್ದ ಬೆರಿತ್ ಕೇಳಿದಳು.

“ಸ್ವಲ್ಪ.”

“ಸ್ವಲ್ಪ ಸ್ವಲ್ಪ ಏರಿಸಿದ್ರೆ ಎದುರಿನವ್ರು ಹೆದರಲ್ಲ ಕಣೆ. ಒಂದೇ ಏಟಿಗೆ ಜಿಗೀಬೇಕು.”

ಬೆರಿತ್ ಮೂಳೆ ವಾರ್ಡಿನ ಅತಿ ಹಿರಿಯ ದಾದಿ. ಇದೇ ಕೆಲಸದ ಸಂಬಳದಲ್ಲಿ ಅವಳು ತನ್ನ ಕಾಲದಲ್ಲಿ ಮೂರು ಕೋಣೆಯ ಮನೆ, ಬೆಟ್ಟದ ಮೇಲೊಂದು ಮರದ ಗುಡಿಸಲು, ಫ್ಯೋರ್ಡಿನ ಕಡಲ ನೀರಿನಲ್ಲೊಂದು ದೋಣಿ ಎಲ್ಲ ಮಾಡಿಕೊಂಡಿದ್ದಳು. ಈಗಿನವರಿಗೆ ಯಾಕೆ ಆಗುವುದಿಲ್ಲವೋ ಅವಳಿಗೆ ತಿಳಿಯದು. ಹೊರಗೆ ಕಾಫಿ ಕುಡಿಯುವುದರಿಂದ ಇರಬೇಕು ಎಂದು ಅವಳ ಅಂದಾಜು. ಇಂಗ್ವಿಲ್ಡ್ ಹೊರಗೆ ಕಾಫಿ ಕುಡಿದು ವರ್ಷಗಳೇ ಆಗಿದ್ದವು. ಮಧ್ಯಾಹ್ನಕ್ಕೆ ಮನೆಯಿಂದ ತಂದ ಬ್ರೆಡ್ಡು, ಅದರ ಮೇಲೆ ಕಂದು ಚೀಸು. ಚೀಸನ್ನು ಎಷ್ಟು ತೆಳ್ಳಗೆ ಕೊಯ್ಯುತ್ತಿದ್ದಳೆಂದರೆ ಅದರೊಳಗಿಂದ ಆಚೆ ಕಡೆಯ ಬ್ರೆಡ್ಡು ಕಾಣುತ್ತಿತ್ತು.

ಒಂಟಿ ದಾದಿಯೊಬ್ಬಳು ತನ್ನ ಸಂಬಳದಲ್ಲಿ ಓಸ್ಲೊದ ಎಷ್ಟು ಮನೆಗಳನ್ನು ಕೊಳ್ಳಬಲ್ಲಳು ಎಂದು ಪತ್ರಿಕೆಗಳು ಆ ಚಳಿಗಾಲವೂ ಲೆಕ್ಕ ಹಾಕಿದ್ದವು. ನೂರಕ್ಕೆ ಒಂದೋ ಎರಡೋ ಎಂದು ಉತ್ತರ ಬಂದಿತ್ತು. ಇಂಗ್ವಿಲ್ಡ್‌ಗೆ ಆ ಒಂದು ಕಣ್ಣಿಗೆ ಬಿದ್ದಿತ್ತು. ತೋರ್ಷೋವ್ ಬಡಾವಣೆಯಲ್ಲಿ ನಾಲ್ಕನೇ ಮಹಡಿ, ಒಂದೇ ಕೋಣೆ. ಮಂಚದ ಮೇಲೆ ಮಲಗಿಯೇ ಒಲೆಯ ಮೇಲಿನ ಹಾಲು ಉಕ್ಕದಂತೆ ನೋಡಿಕೊಳ್ಳಬಹುದು. ಆದರೆ ಕಿಟಕಿಯಿತ್ತು, ಕಿಟಕಿಯ ಕೆಳಗೆ ಟ್ರಾಮ್ ಓಡುತ್ತಿತ್ತು. ಈಗ ಅವಳಿದ್ದ ಬಾಡಿಗೆಯ ನೆಲಮಾಳಿಗೆಯ ಕಿಂಡಿಯಲ್ಲಿ ಕಾಣುತ್ತಿದ್ದದ್ದು ದಾರಿಹೋಕರ ಕಾಲು ಮಾತ್ರ. ಆ ಬೀದಿಯವರನ್ನೆಲ್ಲ ಅವಳು ಬೂಟಿನಿಂದಲೇ ಗುರುತಿಸುತ್ತಿದ್ದಳು. ಮುಖ ನೋಡಿದರೆ ಯಾರೆಂದು ಗೊತ್ತಾಗುತ್ತಿರಲಿಲ್ಲ. ಭಾನುವಾರ ಮನೆ ತೋರಿಸಿದಾಗ ತೋರ್ಷೋವ್‌ನ ಆ ಕಿಟಕಿ ತೆರೆದು ಎಷ್ಟು ಹೊತ್ತು ನಿಂತಳೆಂದರೆ, ಬೇರೆಯವರೂ ನೋಡಬೇಕಮ್ಮ ಎಂದು ದಲ್ಲಾಳಿಯೇ ಬಂದು ಹೇಳಬೇಕಾಯಿತು.

ಇಂದು ಸೋಮವಾರ, ಹರಾಜು. ಮಧ್ಯಾಹ್ನದ ಹೊತ್ತಿಗೆ ಯಾರ ಬೆಲೆ ಮೇಲಿರುತ್ತದೋ ಮನೆ ಅವರದು. ಸಾಲಕ್ಕೆ ಬ್ಯಾಂಕು ಅವಳಿಗೊಂದು ಗೆರೆ ಎಳೆದುಕೊಟ್ಟಿತ್ತು. ಅದರಾಚೆಗೆ ಒಂದು ಕ್ರೋನೂ ಹುಟ್ಟುವುದಿಲ್ಲ.

ಜೇಬಿನಲ್ಲಿ ಫೋನು ಜೀರುಂಡೆಯಂತೆ ಗುಂಯ್‌ಗುಟ್ಟಿತು. ಯಾರೋ ಅವಳ ಬೆಲೆಯ ಮೇಲೆ ಬೆಲೆ ಇಟ್ಟಿದ್ದರು. ಅವಳೂ ಏರಿಸಿದಳು. ಅಷ್ಟರಲ್ಲಿ ಏಳನೇ ಹಾಸಿಗೆಯ ಗಂಟೆ.

ಏಳನೇ ಹಾಸಿಗೆಯಲ್ಲಿದ್ದವನು ಓಡ್ವರ್ ಎಂಬ ಮುದುಕ. ಭಾನುವಾರ ಯಾವುದೋ ಮೆಟ್ಟಿಲ ಮೇಲೆ ಮಂಜುಗಡ್ಡೆಗೆ ಜಾರಿ ಎರಡೂ ಮಣಿಕಟ್ಟು ಮುರಿದುಕೊಂಡು ಬಂದಿದ್ದ. ಬೆರಳ ತುದಿವರೆಗೂ ಪ್ಲಾಸ್ಟರು, ಗಂಟೆಯನ್ನೇನೋ ಮೊಣಕೈಯಲ್ಲಿ ಗುದ್ದುತ್ತಿದ್ದ. ಊಟದ ಹಲಗೆಯ ಮೇಲೆ ಫೋನು ನಿಲ್ಲಿಸಿಕೊಂಡು ಅದನ್ನೇ ದುರುಗುಟ್ಟಿ ನೋಡುತ್ತಿದ್ದ.

“ತಾಯಿ, ಆ ಹಸಿರು ಗುಂಡಿ ಒಂಚೂರು ಒತ್ತು. ನನ್ ಕೈ ನೋಡು, ಹಿಮಕರಡಿ ಪಾದ ಆಗಿ ಕೂತಿದೆ.”

ಇಂಗ್ವಿಲ್ಡ್ ಮುಖವನ್ನು ಪೂರ್ತಿ ಕಿಟಕಿಯ ಕಡೆಗೆ ತಿರುಗಿಸಿ ಬೆರಳು ಚಾಚಿದಳು. ರೋಗಿಯ ಫೋನಿನೊಳಗೆ ಇಣುಕಬಾರದು. ಕೆಲಸಕ್ಕೆ ಸೇರಿದ ದಿನವೇ ಮುಖ್ಯದಾದಿ ಗುನ್ವೋರ್ ಕಿವಿ ಹಿಂಡಿ ಕಲಿಸಿದ ಪಾಠ. ಉಳಿದವರು ಓರೆಗಣ್ಣಲ್ಲಿ ನೋಡಿಬಿಡುತ್ತಿದ್ದರು. ಇಂಗ್ವಿಲ್ಡ್ ಗೂಬೆಯಂತೆ ಕತ್ತು ತಿರುಗಿಸುತ್ತಿದ್ದಳು, ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು. ಮುದುಕ ಎಡಕ್ಕೆ, ಇನ್ನೂ ಕೆಳಗೆ, ಹ್ಞಾಂ ಅಲ್ಲೇ ಎಂದು ದಾರಿ ತೋರಿಸಿದ. ಅವಳು ಒತ್ತಿದಳು. ಪುಣ್ಯಾತ್ಗಿತ್ತಿ ಎಂದು ಅವನು ಹರಸಿದ.

ಅಜ್ಜ ಇಸ್ಪೀಟು ಆಡುತ್ತಿರಬೇಕು ಎಂದು ಜೊತೆಯ ಗಂಡು ದಾದಿ ಅಬ್ದಿ ಹೇಳಿದ. ಬೆರಿತ್ ಪ್ರಕಾರ ಅದು ಮಗಳಿಗೆ ಕಳಿಸುವ ಮುತ್ತು.

ಹತ್ತೂವರೆಯ ಹೊತ್ತಿಗೆ ಇಡೀ ವಾರ್ಡಿಗೆ ಹರಾಜಿನ ಜ್ವರ ಹತ್ತಿತ್ತು. ಸುಮ್ಮನಿದ್ದು ಕೊನೇ ಗಳಿಗೆಯಲ್ಲಿ ಹೊಡೆಯಬೇಕೆಂದು ಅಬ್ದಿ, ಈಗಲೇ ಜಿಗಿಯಬೇಕೆಂದು ಬೆರಿತ್. ಸೊಂಟ ಬದಲಿಸಿಕೊಂಡ ಹೆಂಗಸೊಬ್ಬಳು ನೋವಿನ ಮಾತ್ರೆ ಕೇಳುವ ನೆಪದಲ್ಲಿ ಗಂಟೆ ಒತ್ತಿ, ಎಷ್ಟಕ್ಕೆ ಬಂತು ಎಂದು ವಿಚಾರಿಸಿದಳು. ಇಂಗ್ವಿಲ್ಡ್ ಒಮ್ಮೆ ಅಬ್ದಿಯ ಮಾತು ಕೇಳಿದಳು, ಒಮ್ಮೆ ಬೆರಿತಳ ಮಾತು. ಗಂಜಿ ಬೇರೆ ಹಾಸಿಗೆಗೆ ಹೋಯಿತು. ಥರ್ಮಾಮೀಟರು ಜೇಬಿಗೆ, ಫೋನು ಥರ್ಮಾಮೀಟರಿನ ತಟ್ಟೆಗೆ ಹೋಯಿತು. ಆ ತಟ್ಟೆ ಗುನ್ವೋರಳ ಕೈಯಲ್ಲಿದ್ದಾಗಲೇ ಗಡಗಡ ನಡುಗಿತು.

ಗುನ್ವೋರ್ ಕನ್ನಡಕ ಏರಿಸಿ ಪರದೆ ನೋಡಿದಳು, ಆಮೇಲೆ ಇಂಗ್ವಿಲ್ಡ್‌ಳನ್ನು ನೋಡಿದಳು.

“ಮತ್ತೆ ಏರಿಸಿದಾರೆ. ಯಾರವನು ಕೊಬ್ಬಿದವ್ನು? ಬಿಡಬೇಡ, ಹೊಡಿ.”

ಇಂಗ್ವಿಲ್ಡ್ ಹೊಡೆದಳು. ಗುಂಯ್‌ ಎಂದಿತು. ಏಳನೇ ಹಾಸಿಗೆಗೆ ಓಡಿ ಗುಂಡಿ ಒತ್ತಿ ಬಂದಳು. ಮತ್ತೆ ಗುಂಯ್‌. ಆ ಕಾಣದ ಶತ್ರು ನಿದ್ದೆಯಿಲ್ಲದ ಸೊಳ್ಳೆಯಂತೆ ಅವಳ ಹಿಂದೆ ಬಿದ್ದಿದ್ದ. ಬಟ್ಟೆಕೋಣೆ, ಏಳನೇ ಹಾಸಿಗೆ, ಬಟ್ಟೆಕೋಣೆ. ಇಷ್ಟು ಓಡಿದರೆ ತೋರ್ಷೋವ್‌ಗೇ ತಲುಪಬಹುದಿತ್ತು.

ಮಧ್ಯಾಹ್ನ ಹತ್ತಿರವಾದಾಗ ಅವಳು ಬ್ಯಾಂಕಿನ ಗೆರೆಯ ಮೇಲೆ ನಿಂತಿದ್ದಳು. ಕೊನೆಯ ಬೆಲೆ ಕಳಿಸಿ ಕಣ್ಣು ಮುಚ್ಚಿದಳು. ಫೋನು ಸದ್ದು ಮಾಡಲಿಲ್ಲ. ಇನ್ನೂ ಮಾಡಲಿಲ್ಲ. ಬೆರಿತ್ ಅವಳ ಕೈ ಹಿಡಿದಳು, ಅಬ್ದಿ ಕಾಫಿ ತರಲು ಹೊರಟ, ಗುನ್ವೋರ್ ಕಿಟಕಿಗೆ ಪರದೆ ಯಾವ ಬಣ್ಣದ್ದು ಹಾಕುತ್ತೀ ಎಂದು ಕೇಳಿದಳು. ಅಷ್ಟರಲ್ಲಿ ಏಳನೇ ಹಾಸಿಗೆಯ ಗಂಟೆ ಹೊಡೆಯಿತು. ಇಂಗ್ವಿಲ್ಡ್ ನಗುನಗುತ್ತಲೇ ಹೋದಳು. ಇವತ್ತು ಜಗತ್ತಿನ ಎಲ್ಲ ಗುಂಡಿಗಳನ್ನೂ ಒತ್ತಿಯಾಳು ಅವಳು. ಮುಖ ತಿರುಗಿಸಿ ಪ್ರೀತಿಯಿಂದ ಒತ್ತಿ ಬಂದಳು.

ಗುಂಯ್‌.

ಏರಿಸಲು ಅವಳಲ್ಲಿ ಇನ್ನೇನೂ ಉಳಿದಿರಲಿಲ್ಲ. ತುಸು ಹೊತ್ತಿಗೆ ದಲ್ಲಾಳಿ ಫೋನು ಮಾಡಿದ. ಬೇಸರ ಮಾಡಿಕೊಳ್ಳಬೇಡಿ, ಕೂದಲೆಳೆಯಲ್ಲಿ ತಪ್ಪಿತು, ಗೆದ್ದವರಿಗೆ ಈಗ ತಿಳಿಸಬೇಕು ಎಂದು ಸಾವಿನ ಸುದ್ದಿ ಹೇಳುವವನ ದನಿಯಲ್ಲಿ ಹೇಳಿ ಇಟ್ಟ. ಬೆರಿತ್ ಹೊರಗಿನ ಕಾಫಿಯ ವಿಷಯ ಕೂಡ ಎತ್ತಲಿಲ್ಲ.

ಏಳನೇ ಹಾಸಿಗೆಯ ಗಂಟೆ ಬಡಿದುಕೊಳ್ಳುತ್ತಿತ್ತು. ಇಂಗ್ವಿಲ್ಡ್ ಹೋದಳು. ಮುದುಕನ ಫೋನು ರಿಂಗಾಗುತ್ತಿತ್ತು.

“ಬೇಗ ಒತ್ತು ತಾಯಿ, ಕಟ್ಟಾಗುತ್ತೆ.”

ಮುಖ ತಿರುಗಿಸಿ ಒತ್ತಿದಳು. ಕತ್ತು ತಿರುಗಿಸಿ ಕಣ್ಣು ತಪ್ಪಿಸಬಹುದು, ಕಿವಿ ತಪ್ಪಿಸಲಾಗುವುದಿಲ್ಲ. ಸ್ಪೀಕರಿನಲ್ಲಿ ಅದೇ ದಲ್ಲಾಳಿ, ಈಗ ಮದುವೆಮನೆಯ ದನಿ: “ಅಭಿನಂದನೆ, ಓಡ್ವರ್. ತೋರ್ಷೋವ್ ಮನೆ ನಿಮ್ದಾಯ್ತು.”

ಇಂಗ್ವಿಲ್ಡ್ ನಿಧಾನವಾಗಿ, ಬೆಳಿಗ್ಗೆಯಿಂದ ಹಸಿರು ಗುಂಡಿ ಒತ್ತಿದ ತನ್ನ ತೋರುಬೆರಳನ್ನು ನೋಡಿಕೊಂಡಳು.

ಓಡ್ವರ್‌ಗೆ ಸಂತೋಷ ತಡೆಯಲಾಗಲಿಲ್ಲ. “ಆ ಮನೆ ನೋಡಿ ಇಳಿಯೋವಾಗ್ಲೇ ಮೆಟ್ಟಿಲ ಮೇಲೆ ಬಿದ್ದಿದ್ದು ನಾನು. ಎರಡು ಕೈ ಕೊಟ್ಟ ಮೇಲೆ ಮನೆ ಬಿಡೋದುಂಟಾ? ಬಾಡಿಗೆಗೆ ಕೊಡೋಕೆ ಅಂತ ಈಗಾಗ್ಲೇ ಮೂರಿವೆ, ಇದು ನಾಲ್ಕನೇದು. ಆದ್ರೆ ಯಾರೋ ತಲೆಕೆಟ್ಟವ್ನು ಬೆಳಿಗ್ಗೆಯಿಂದ ಸುಮ್‌ಸುಮ್ನೆ ಬೆಲೆ ಏರಿಸ್ತಾನೇ ಇದ್ದ. ಅವನಿಂದಾಗಿ ಬಾಡಿಗೇನೂ ಏರಿಸ್ಬೇಕು ಈಗ.”

ಅವಳು ದಿಂಬು ಸರಿಮಾಡಿದಳು. ಅಗತ್ಯಕ್ಕಿಂತ ಒಂದೆರಡು ಏಟು ಹೆಚ್ಚೇ ಬಿದ್ದವು ದಿಂಬಿಗೆ.

“ಅಂದಹಾಗೆ ನೀನೆಲ್ಲಿದೀಯ? ಬಾಡಿಗೆ ಮನೇನಾ? ಹಾಗಿದ್ರೆ ನೀನೇ ಬಾ. ದಾದಿಯರು ಅಂದ್ರೆ ನಂಗೆ ನಂಬಿಕೆ, ತಿಂಗಳು ತಪ್ಪಿಸಲ್ಲ. ನಿನ್ ಸಂಬಳದಲ್ಲಿ ಆರಾಮಾಗಿ ಇರ್ಬೋದು. ಕಿಟಕಿ ಕೆಳಗೇ ಟ್ರಾಮ್ ಹೋಗುತ್ತೆ, ಗೊತ್ತಾ?”

“ಬೇಡ,” ಎಂದಳು ಇಂಗ್ವಿಲ್ಡ್.