ಏಳನೆಯ ಹೆಸರು

ನಾನು ವೈರಸ್ ತಜ್ಞ ಎಂದರೆ ನಮ್ಮ ಬಾಗಲಕೋಟೆಯ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ನನ್ನ ವೈರಸ್ಸು ಮನುಷ್ಯರಿಗೆ ಹತ್ತುವುದಿಲ್ಲ, ಮೆಣಸಿನ ಗಿಡದ ಎಲೆಯನ್ನಷ್ಟೇ ಮುರುಟಿಸುತ್ತದೆ ಎಂದರೆ ಅದೇ ಜನ ಮುಂದೆ ಬಂದು, "ಹಂಗಂದ್ರ ಗಿಡಕ್ಕ ಯಾವ ಎಣ್ಣಿ ಹೊಡೀಬೇಕ್ರಿ?" ಎನ್ನುತ್ತಾರೆ. ಇದನ್ನೆಲ್ಲ ಇಷ್ಟು ವರ್ಷ ನಗುತ್ತಲೇ ಸಹಿಸಿಕೊಂಡಿದ್ದೇನೆ. ಹೋದ ತಿಂಗಳು ಬಡ್ತಿಯ ಅರ್ಜಿ ಕೈಗೆ ಬಂದಾಗ ಮಾತ್ರ ತಲೆ ಕೆಟ್ಟು ಮೊಸರ ಗಡಿಗೆಯಾಯಿತು.

ವಿಜ್ಞಾನಿಯಾದವನು ಎಷ್ಟು ಪ್ರಬಂಧ ಬರೆದ ಎನ್ನುವುದು ಈಗ ಮುಖ್ಯವಲ್ಲ; ಅವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಎಂಬುದೇ ಮುಖ್ಯ. ಅದಕ್ಕೇನು, ಮುರುಟು ರೋಗದ ಮೇಲಿನ ನನ್ನ ಪ್ರಬಂಧವನ್ನು ದೇಶವಿದೇಶದ ನೂರಾರು ಜನ ಉಲ್ಲೇಖಿಸಿದ್ದಾರೆ. ಆದರೆ ಅರ್ಜಿಯ ಕೊನೆಯಲ್ಲೊಂದು ಸಾಲಿತ್ತು: ಅಭ್ಯರ್ಥಿಯ ಹೆಸರು ಮೊದಲಿರುವ ಪ್ರಬಂಧಗಳನ್ನಷ್ಟೇ ಪರಿಗಣಿಸಲಾಗುವುದು. ಆ ಪ್ರಬಂಧದ ಒಂಬತ್ತು ಹೆಸರುಗಳಲ್ಲಿ ನನ್ನದು ಏಳನೆಯದು! ನಾನೇ ಮೊದಲಿರುವುದು ಅಲಸಂದೆಯ ರೋಗದ ಮೇಲಿನ ಇನ್ನೊಂದು ಪ್ರಬಂಧದಲ್ಲಿ. ಅದು ಈವರೆಗೆ ಎರಡು ಸಲ ಉಲ್ಲೇಖವಾಗಿದೆ. ಎರಡು ಸಲವೂ ಉಲ್ಲೇಖಿಸಿದವನು ನಾನೇ.

ಏಳನೆಯದು ಯಾಕಾಯಿತೆಂದರೆ, ನನ್ನ ಪಿಎಚ್.ಡಿ. ಗೈಡ್ ಆ ಹೆಸರುಗಳನ್ನು ಲಗ್ನಪತ್ರಿಕೆಯ ಧಾಟಿಯಲ್ಲಿ ಜೋಡಿಸಿದ್ದರು. ನಮ್ಮ ಕಡೆ ಪತ್ರಿಕೆಯಲ್ಲಿ ಹಿರಿಯರೊಬ್ಬರ ಹೆಸರು ಬಿಟ್ಟುಹೋದರೆ ಅವರು ಮದುವೆಗೆ ಬಂದು ಅಕ್ಕಿಕಾಳು ಹಾಕಿ ಊಟ ಮಾಡದೆ ಎದ್ದುಹೋಗುತ್ತಾರೆ. ಹಾಗಾಗಿ ಮೊದಲು ನಿರ್ದೇಶಕರು, ಆಮೇಲೆ ನಿವೃತ್ತ ನಿರ್ದೇಶಕರು, ಆಮೇಲೆ ಎಲೆ ಇಡಲು ಫ್ರಿಜ್ಜು ಕೊಟ್ಟ ವಿಭಾಗದ ಮುಖ್ಯಸ್ಥರು, ಹೀಗೆ. "ಹಿರ್ಯಾರು ಮುಂದಿರ್ಲಿ, ನೀ ಇನ್ನೂ ಸಣ್ಣಾಂವ ಅದಿ," ಎಂದಿದ್ದರು ಗೈಡ್. ನಾನೂ ಕೋಲೆಬಸವನ ಹಾಗೆ ಗೋಣು ಹಾಕಿದ್ದೆ.

ಕಚೇರಿಗೆ ಹೋಗಿ ಜಗಳ ತೆಗೆದೆ. ಅಲ್ಲಿನ ಸೂಪರಿಂಟೆಂಡೆಂಟರು ಬಹಳ ಮರ್ಯಾದೆಯಿಂದ, "ಕೆಲಸ ನಿಮ್ದ ಅಂತ ಉಳಿದ ಎಂಟೂ ಮಂದಿ ಕಡಿಂದ ಸಹಿ ತರ್ರಿ. ಜೋಡೀಲೆ ಹೊಲದಾಗ ಬರದ ಮೂಲ ನೋಟ್‌ಬುಕ್ಕೂ ಇಡ್ರಿ, ನೋಡೂಣು," ಎಂದರು. ಶುರುವಾಯಿತು ತಿರುಗಾಟ. ಬಾದಾಮಿಯಲ್ಲಿ ಗೈಡ್ ಚಹಾ ಕುಡಿಸಿ, "ನಿನ್ನ ದುಡಿಮಿ ನನಗ್ಗೊತ್ತಿಲ್ಲೇನಪಾ?" ಎಂದು ಬೆನ್ನು ತಟ್ಟಿದರು. ಗೊತ್ತಿದ್ದೇ ಏಳನೆಯದಕ್ಕೆ ಹಾಕಿದ್ದರಲ್ಲ! ಹುನಗುಂದದಲ್ಲಿರುವ ಫ್ರಿಜ್ಜಿನ ಮುಖ್ಯಸ್ಥರು, "ಯಾವ ವೈರಸ್ಸಪಾ ಅದು?" ಎಂದರು. ಹೇಳಿದೆ. "ಅದರಾಗ ನನ್ನ ಹೆಸರೈತಿ? ನೂರಾರು ಮಂದಿ ಉಲ್ಲೇಖ ಮಾಡ್ಯಾರ?" ಎಂದು ಹಿಗ್ಗಿ, ಮನೆಮಂದಿಯನ್ನೆಲ್ಲ ಕರೆದು ಸುದ್ದಿ ಹೇಳಿ, ನನ್ನ ಬಾಯಿಗೆ ಪೇಢೆ ತುರುಕಿದರು. ನನ್ನ ದುಡಿಮೆಗೆ ಅವರ ಪೇಢೆ! ಮೈಯೆಲ್ಲ ಉರಿಯಿತು.

ಅಂತೂ ಎಂಟು ಸಹಿ ಹಿಡಿದು ಮನೆಗೆ ಬಂದೆ. ನನ್ನ ಹೆಂಡತಿ ಶಾಂತಾ ಇಲಕಲ್ಲಿನವಳು, ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಈಗ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. ಅವಳೆದುರು ಕೂತು ಲೋಕದ ಕೃತಘ್ನತೆಯನ್ನೆಲ್ಲ ಬೈದೆ. "ಬಿಸಲಾಗ ಸುಟಗೊಂಡಾಂವ ನಾ, ಹೆಸರು ಮಂದೀದು! ಮನುಷ್ಯಾಗ ಒಂಚೂರರ ನಾಚಿಕಿ ಬ್ಯಾಡೇನು?" ಅವಳು ಎದ್ದುಹೋಗಿ ಟ್ರಂಕಿನಿಂದ ಹಳೆಯ ನೋಟ್‌ಬುಕ್ ತಂದು ಮುಂದಿಟ್ಟಳು.

ತೆರೆದೆ. ಮರೋಳದ ಹೊಲ, ಮೂರನೇ ಸಾಲು, ಹನ್ನೊಂದನೇ ಗಿಡ, ಎಲೆಯಂಚು ಮೇಲಕ್ಕೆ ಮಡಚಿದೆ. ಪುಟಪುಟವೂ ದುಂಡಗಿನ ಅಕ್ಷರ. ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಶಾಂತಾ ಪ್ರತಿ ಭಾನುವಾರ ಸ್ಕೂಟರಿನ ಹಿಂದೆ ಕೂತು ಹೊಲಕ್ಕೆ ಬರುತ್ತಿದ್ದಳಲ್ಲ! ಎಲೆ ಕೀಳುತ್ತಿದ್ದವನು ನಾನು. ಗಿಡ ನೋಡಿ ಬರೆಯುತ್ತಿದ್ದವಳು ಅವಳು. ಗೋವಿನಜೋಳದ ಪಕ್ಕದ ಸಾಲುಗಳಿಗೆ ರೋಗ ತಡವಾಗಿ ಬರುತ್ತದೆ ಎಂಬುದೇ ಆ ಪ್ರಬಂಧದ ಜೀವಾಳ. ಅದೂ ಅಲ್ಲಿತ್ತು, ಅವಳ ಕೈಬರಹದಲ್ಲಿ, ಅಡಿಗೆರೆ ಸಮೇತ. ಒಂಬತ್ತು ಹೆಸರುಗಳಲ್ಲಿ ಅವಳದ್ದಿಲ್ಲ. ಕೊನೆಯ ಧನ್ಯವಾದದಲ್ಲಿ ಸ್ಕೂಟರ್ ರಿಪೇರಿ ಮಾಡಿದವನ ಹೆಸರಿದೆ, ಅವಳದ್ದಿಲ್ಲ.

"ಆವಾಗ ಯಾಕ ಹೇಳ್ಲಿಲ್ಲ?" ಎಂದೆ.

"ಏಳನೇದಾದ್ರೂ ಇತ್ತಲ್ರಿ ನಿಮ್ದು, ಎಂಟು ಮನಿ ತಿರಗಿ ಬಂದ್ರಿ," ಎಂದಳು ಶಾಂತಾ. "ನಾ ಯಾರ ಮನೀಗೆ ಹೋಗ್ಲಿ?"

ಅರ್ಜಿಯ ಜೊತೆಗಿನ ನಮೂನೆಯಲ್ಲಿ 'ಹೊಲದ ದಾಖಲೆ ಬರೆದವರು' ಎಂಬ ಖಾನೆ ಇತ್ತು. ಈ ಸಲ ಅನ್ಯಾಯವಾಗಬಾರದೆಂದು ಗಟ್ಟಿ ಮನಸ್ಸು ಮಾಡಿ ಪೆನ್ನು ಹಿಡಿದೆ. ನನ್ನ ಹೆಸರು ಬರೆದೆ. ಹುದ್ದೆ ಬರೆದೆ. ಪದವಿಗಳನ್ನೆಲ್ಲ ಬರೆದೆ. ತಲೆಯೆತ್ತಿ ನೋಡಿದರೆ ಶಾಂತಾ ಬಾಗಿಲಲ್ಲಿ ನಿಂತಿದ್ದಾಳೆ. "ನೋಡು, ಈ ಕಚೇರಿಯವರಿಗೆ ಬುದ್ಧಿ ಅನ್ನೂದು ಐತೇನು?" ಎಂದು ರೇಗಿದೆ. "ಎಷ್ಟು ಸಣ್ಣ ಖಾನಿ ಮಾಡ್ಯಾರ, ಇನ್ನೊಂದು ಹೆಸರಿಗೆ ಜಾಗಾನ ಬಿಟ್ಟಿಲ್ಲ!"