ಮಾವನ ನೂರಾಹತ್ತು ವೋಲ್ಟು

ನಮ್ಮ ಸೋದರಮಾವ ಹುಲಿಗೆ ಹೆದರುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ರಾಣೆಬೆನ್ನೂರಿನ ಅವರ ಬೀಜದ ಅಂಗಡಿಗೆ ಹುಲಿ ಬಂದದ್ದಿಲ್ಲ. ಗೋಡೆಯ ಪ್ಲಗ್ಗಿನ ತೂತಿಗೆ ಮಾತ್ರ ಜೀವ ಬಿಡುವಷ್ಟು ಹೆದರುತ್ತಿದ್ದರು!

ಈ ಹೆದರಿಕೆ ತೈವಾನಿನಿಂದ ಬಂದದ್ದು. ಎರಡು ಸಾವಿರದ ಐದೋ ಆರೋ ಇರಬೇಕು, ಬೀಜದ ಕಂಪನಿಯೊಂದು ಅಂಗಡಿಕಾರರನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಿತ್ತು. ಉಳಿದವರು ಛತ್ರಿ, ಗಡಿಯಾರ ತಂದರೆ ಮಾವ ಲ್ಯಾಪ್‌ಟಾಪ್ ತಂದರು. ಕೀಲಿಗಳ ಮೇಲೆ ಇಂಗ್ಲಿಷಿನ ಪಕ್ಕದಲ್ಲೇ ಚೀನೀ ಗುರುತುಗಳು! ಜೊತೆಗೆ ಗೈಡ್ ಕೊಟ್ಟ ಎಚ್ಚರಿಕೆ: ಅಲ್ಲಿಯ ಕರೆಂಟು ನೂರಾಹತ್ತು ವೋಲ್ಟು, ನಮ್ಮದು ಇನ್ನೂರಾ ಮೂವತ್ತು.

"ಒಂದ ಎತ್ತಿಗೆ ಎರಡ ಎತ್ತಿನ ಹೇರು ಹೇರಿದ್ರ ಸಾಯೂದಿಲ್ಲೇನು?" ಎಂದ ಮಾವ, ಮೋಟಾರಿಗೆ ತಂತಿ ಸುತ್ತುವವನಿಂದ ಕರೆಂಟು ಇಳಿಸುವ ಟ್ರಾನ್ಸ್‌ಫಾರ್ಮರ್ ಮಾಡಿಸಿದರು. ಲ್ಯಾಪ್‌ಟಾಪ್ ತೊಡೆಯ ಮೇಲೆ ಕೂರುತ್ತಿತ್ತು. ಈ ಟ್ರಾನ್ಸ್‌ಫಾರ್ಮರ್ ಎತ್ತಲು ಇಬ್ಬರು ಬೇಕು! ಹಚ್ಚಿದೊಡನೆ ಜೇನುಹುಟ್ಟಿನಂತೆ ಗುಂಯ್ ಎನ್ನುತ್ತಿತ್ತು.

"ಇಷ್ಟ ಜಾಗಾದಾಗ ಒಂದ ಎಮ್ಮಿ ಕಟ್ಟಿದ್ರ ಹಾಲರ ಕೊಡ್ತಿತ್ತು" ಎಂದರು ಅತ್ತೆ.

ಒಮ್ಮೆ ಇಬ್ಬರೂ ಬ್ಯಾಡಗಿಯ ನಮ್ಮ ಮನೆಗೆ ಹೊರಟಾಗ ಅದೂ ಗೋಣಿಚೀಲದೊಳಗೆ ಬಸ್ಸೇರಿತು.

"ಯಜಮಾನ್ರ, ಚೀಲದಾಗ ಏನೈತ್ರಿ?" ಕಂಡಕ್ಟರ್ ಕೇಳಿದನಂತೆ.

"ಕರೆಂಟ್ ಕಡಿಮಿ ಮಾಡೋ ಮಷಿನ್."

"ನಮ್ಮ ಕಡೆ ಅದು ತಾನ ಕಡಿಮಿ ಅಕ್ಕೈತಲ್ರಿ! ಮಷಿನ್ ಯಾಕ?"

ಇಡೀ ಬಸ್ಸು ನಕ್ಕಿತು. ಮಾವ ನಗಲಿಲ್ಲ; ಚೀಲವನ್ನು ಸೀಟಿನಲ್ಲಿ ಕೂರಿಸಿ, ತಾವು ನಿಂತೇ ಬಂದರು.

ಮನೆಗೆ ಬಂದ ಮೇಲೆ ನಾನು ಲ್ಯಾಪ್‌ಟಾಪ್ ಚಾರ್ಜರಿನ ಬೆನ್ನು ತಿರುಗಿಸಿ ನೋಡಿದೆ. ಇರುವೆಯ ಕಾಲಿನಂಥ ಅಕ್ಷರಗಳಲ್ಲಿ ಬರೆದಿತ್ತು: ನೂರರಿಂದ ಇನ್ನೂರಾ ನಲವತ್ತು ವೋಲ್ಟು. ಅಂದರೆ ಟ್ರಾನ್ಸ್‌ಫಾರ್ಮರೇ ಬೇಡ. ಪಿನ್ನಿಗೆ ಹೊಂದುವ ಒಂದು ಸಣ್ಣ ಪ್ಲಗ್ಗು ಸಾಕಿತ್ತು!

"ಮಾವಾ, ಇಷ್ಟ ದಿನ ಸುಮ್ಮನ ಹೊತ್ತೀರಲ್ರಿ!"

ಮಾವ ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. "ಬೀಜದ ಪಾಕೀಟಿನ ಮ್ಯಾಲೂ ನೂರಕ್ಕ ತೊಂಬತ್ತು ಮೊಳಿತಾವು ಅಂತ ಬರದಿರ್ತೈತಿ. ಮೂವತ್ತು ವರ್ಷದಿಂದ ನಾನ ಮಾರೇನಿ. ನನಗ ಹೇಳ್ತೀಯೇನು?"



ಮರುದಿನ ಬೆಳಿಗ್ಗೆ ಗುಂಯ್ ಸದ್ದು ಕೇಳಿ ಪಡಸಾಲೆಗೆ ಬಂದೆ. ಅತ್ತೆಯ ಕಣ್ಣು ವರ್ಷಗಳಿಂದ ಮಂದವಾಗಿತ್ತು. ಕನ್ನಡಕ ಬದಲಿಸಿ ಪ್ರಯೋಜನವಿಲ್ಲವೆಂದು ಡಾಕ್ಟರು ಕೈಚೆಲ್ಲಿದ್ದರು. ಐರಣಿಯಿಂದ ಅತ್ತೆಯ ಅಕ್ಕ ಬರೆದಿದ್ದ ಪತ್ರವನ್ನು ಮಾವ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಪರದೆಯ ತುಂಬ ಬದನೆಕಾಯಿ ಗಾತ್ರದ ಅಕ್ಷರಗಳು, ಒಮ್ಮೆಗೆ ಎರಡೇ ಪದ.

"ಓದಿ ಹೇಳಿದ್ರ ಆಗೂದಿಲ್ಲೇನ್ರಿ?" ಎಂದೆ.

"ಮಂದಿ ಓದಿ ಹೇಳಿದ್ರ ಅದು ಸುದ್ದಿ ಅಕ್ಕೈತಿ, ಪತ್ರ ಆಗೂದಿಲ್ಲ ಅಂತಾಳ ನಿಮ್ಮತ್ತಿ." ಮಾವ ದನಿ ತಗ್ಗಿಸಿದರು. "ಈ ಲ್ಯಾಪ್‌ಟಾಪ್ ಸುಟ್ಟ ಹೋದ್ರ ಆಕಿ ಏನ ಓದಬೇಕು?"

ಅತ್ತೆ ಬಂದು ಪರದೆಗೆ ಮೂಗು ತಾಗಿಸಿ ಕೂತರು. ಎರಡೆರಡೇ ಪದ ಓದುತ್ತ ತುಟಿ ಅಲುಗುತ್ತಿತ್ತು. ಒಂದು ಕಡೆ ತುಟಿ ನಿಂತಿತು, ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವನ ಬೆರಳು ಕೀಲಿಯ ಮೇಲೆಯೇ ಇತ್ತು, ಒತ್ತಲಿಲ್ಲ.

"ಹೂಂ, ಮುಂದ ಮಾಡ್ರಿ" ಎಂದರು ಅತ್ತೆ.