ತೂಕ ಎಪ್ಪತ್ತೆರಡು, ಅನುಭವ ಅಪಾರ

ದಿನಕ್ಕೆ ಐದಾರು ಜನಕ್ಕೆ ‘ಹೆದರಬೇಡಿ’ ಎಂದು ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು. ಅಡಿಲೇಡಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯ. ಆಪರೇಷನ್ನಿಗೆ ಮುಂಚೆ ರೋಗಿಗೆ ಮತ್ತು ಬರಿಸಿ ಮಲಗಿಸುವುದು, ಮುಗಿದ ಮೇಲೆ ಮರೆಯದೆ ಎಬ್ಬಿಸುವುದು ನನ್ನ ಕೆಲಸ. ಇದರಲ್ಲಿ ಇಪ್ಪತ್ತು ವರ್ಷ ಸವೆಸಿದ ಮೇಲೆ ಎರಡು ಸಂಗತಿ ನನಗೆ ಖಚಿತವಾಗಿ ಗೊತ್ತಾಗಿದೆ. ‘ನನಗೇನೂ ಭಯ ಇಲ್ಲ’ ಎನ್ನುವವನ ನಾಡಿ ಹಿಡಿದು ನೋಡಿದರೆ ನೂರಿಪ್ಪತ್ತು ಇರುತ್ತದೆ. ಮತ್ತೆ, ತೂಕ ಎಷ್ಟು ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ನನ್ನ ಔಷಧದ ಲೆಕ್ಕವೆಲ್ಲ ನಿಂತಿರುವುದೇ ತೂಕದ ಮೇಲೆ. ಆದ್ದರಿಂದ, “ಸುಳ್ಳು ಹೇಳಿದರೆ ನನಗೇನೂ ಕಷ್ಟವಿಲ್ಲ, ಮಲಗುವವರು ನೀವು” ಎಂದು ಗದರಿಸಿ ಎಲ್ಲರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತೇನೆ. ಇಂಥ ನಾನು ಹೋದ ಚಳಿಗಾಲದಲ್ಲಿ ಒಂದು ಹೆಲಿಕಾಪ್ಟರಿಗೆ ನನ್ನ ತೂಕವನ್ನು ಸುಳ್ಳು ಹೇಳಿದೆ. ಅಷ್ಟೇ ಆಗಿದ್ದರೆ ಈ ಕತೆ ಬರೆಯುತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ನನ್ನ ಗೆಳೆಯ ಇಮ್ತಿಯಾಜ್. ಅವನು, ಸ್ಟ್ಯಾನ್ಲಿ, ನಾನು ಮೂವರೂ ಮೈಸೂರಿನಲ್ಲಿ ಒಟ್ಟಿಗೆ ವೈದ್ಯಕೀಯ ಓದಿದವರು, ಒಟ್ಟಿಗೆ ಆಸ್ಟ್ರೇಲಿಯಾಕ್ಕೆ ಬಂದು ಮೂರು ಮೂಲೆ ಸೇರಿದವರು. ನಾನು ಇಲ್ಲಿ ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿದ್ದೇನೆ. ಸ್ಟ್ಯಾನ್ಲಿ ಪರ್ತ್‌ನ ಮೋರ್ಲಿಯಲ್ಲಿ. ಇಮ್ತಿಯಾಜ್ ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ, ರಾತ್ರಿಯಿಡೀ ಕ್ಲಬ್ಬುಗಳು ತೆರೆದಿರುವ ಜಾಗ. ಸುತ್ತ ಊರೆಲ್ಲ ಕುಣಿಯುವ ಹೊತ್ತಿಗೆ ಕಿವಿಗೆ ಹತ್ತಿ ಇಟ್ಟುಕೊಂಡು ಒಂಬತ್ತಕ್ಕೆ ಮಲಗುವ ಪ್ರಾಣಿ. ಅವನಿಗೆ ಐವತ್ತು ತುಂಬಿದ ವಾರ ಫೋನ್ ಬಂತು. “ಲೋ, ಮೂರು ಜನಾನೂ ನ್ಯೂಜಿಲೆಂಡಿಗೆ ಹೋಗೋಣ ಕಣೋ. ಹೆಲಿ ಸ್ಕೀಯಿಂಗ್. ಹೆಲಿಕಾಪ್ಟರ್‌ನಲ್ಲಿ ಹಿಮದ ಬೆಟ್ಟದ ಮೇಲೆ ಬಿಡ್ತಾರೆ, ನಾವು ಕಾಲಿಗೆ ಸ್ಕೀ ಪಟ್ಟಿ ಕಟ್ಕೊಂಡು ಜಾರ್ತಾ ಕೆಳಗೆ ಬರೋದು.” ಬಿಡ್ತಾರೆ ಎಂಬ ಮಾತು ಕೇಳಿಯೇ ಫೋನ್ ಇಟ್ಟುಬಿಡೋಣ ಅನ್ನಿಸಿತು. ಆದರೆ ಸ್ಟ್ಯಾನ್ಲಿ ಆಗಲೇ ಒಪ್ಪಿದ್ದನಂತೆ. ಮೂವತ್ತು ವರ್ಷದಿಂದ ನನ್ನನ್ನು ಪುಕ್ಕಲ ಎಂದು ಕರೆಯಲು ಕಾಯುತ್ತಿರುವವನು ಸ್ಟ್ಯಾನ್ಲಿ. ನಾನೂ ಒಪ್ಪಿದೆ.

ಮರುದಿನ ಈ ಸ್ಕೀಯಿಂಗ್ ನಡೆಸುವ ಲಾಡ್ಜಿನವರ ಫಾರಂ ಬಂತು. ಇಲ್ಲಿ ನಮ್ಮವರ ಒಂದು ಚಟದ ಬಗ್ಗೆ ಹೇಳಲೇಬೇಕು. ಈ ದೇಶಕ್ಕೆ ಬರುವಾಗ ನಾವು ತುಂಬಿದ ಫಾರಂಗಳಿಗೆ ಲೆಕ್ಕವಿಲ್ಲ. ವೀಸಾಕ್ಕೆ, ರಿಜಿಸ್ಟ್ರೇಷನ್ನಿಗೆ, ಕೆಲಸಕ್ಕೆ, ಕೊನೆಗೆ ಬಾಡಿಗೆ ಮನೆಗೆ. ಎಲ್ಲದರಲ್ಲೂ ‘ನಿಮ್ಮ ಸಾಮರ್ಥ್ಯ ಎಷ್ಟು?’ ಎಂದು ಕೇಳಿ ನಾಲ್ಕು ಚೌಕ ಕೊಟ್ಟಿರುತ್ತಾರೆ. ನಾನು ಮೊದಲ ಸಲ ಸಂಕೋಚದಿಂದ, ಮನೆಯಲ್ಲಿ ಕಲಿಸಿದ ವಿನಯದಿಂದ, ಎರಡನೆಯ ಚೌಕಕ್ಕೆ ಗುರುತು ಹಾಕಿದ್ದೆ. ಅದನ್ನು ನೋಡಿದ ಹಿರಿಯ ಕನ್ನಡಿಗರೊಬ್ಬರು ಹಣೆ ಚಚ್ಚಿಕೊಂಡು, “ಏನಪ್ಪಾ, ನಿಂಗೆ ಈ ದೇಶ ಬೇಕೋ ಬೇಡ್ವೋ? ಕಣ್ಮುಚ್ಕೊಂಡು ಕೊನೇ ಬಾಕ್ಸ್‌ಗೆ ಟಿಕ್ ಹಾಕು” ಎಂದರು. ಅಂದಿನಿಂದ ನನ್ನ ಕೈ ತಾನಾಗಿ ಕೊನೆಯ ಚೌಕಕ್ಕೆ ಹೋಗುತ್ತದೆ. ಇಂಗ್ಲಿಷಿಗೆ ಹೋಯಿತು, ಕಂಪ್ಯೂಟರಿಗೆ ಹೋಯಿತು, ಮಗಳ ಶಾಲೆಯ ಫಾರಂನಲ್ಲಿ ತೋಟಗಾರಿಕೆಗೂ ಹೋಗಿ ಒಂದು ಶನಿವಾರ ಪೂರ್ತಿ ಗುಂಡಿ ತೋಡಿ ಬಂದೆ. ಸ್ಕೀಯಿಂಗ್ ಅನುಭವ ಎಂಬ ಪ್ರಶ್ನೆ ಬಂದಾಗಲೂ ಕೈ ಅಲ್ಲಿಗೇ ಹೋಯಿತು. ‘ಅಡ್ವಾನ್ಸ್ಡ್.’ ಅದರ ಕೆಳಗೆ ತೂಕ ಕೇಳಿದ್ದರು. ಎಪ್ಪತ್ತೆರಡು ಎಂದು ಬರೆದೆ. ಅದು ನನ್ನ ಮದುವೆಯ ವರ್ಷದ ತೂಕ.

ನನ್ನ ನಿಜವಾದ ಅನುಭವ ಇಷ್ಟು. ಮಗಳು ಚಿಕ್ಕವಳಿದ್ದಾಗ ವಿಕ್ಟೋರಿಯಾದ ಹಿಮಬೆಟ್ಟಕ್ಕೆ ಮೂರು ದಿನ ಹೋಗಿದ್ದೆವು. ಅಲ್ಲಿ ಮಕ್ಕಳನ್ನು ಮೆಲ್ಲಗೆ ಮೇಲಕ್ಕೆ ಒಯ್ಯುವ ಒಂದು ಚಲಿಸುವ ಪಟ್ಟಿ ಇರುತ್ತದೆ, ಮ್ಯಾಜಿಕ್ ಕಾರ್ಪೆಟ್ ಎನ್ನುತ್ತಾರೆ. ಆ ಮೂರು ದಿನ ನಾನು ಅದರ ಮೇಲೆಯೇ ಇದ್ದೆ. ಫಾರಂ ಕಳಿಸಿದ ಸುದ್ದಿ ಕೇಳಿ ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಅಪ್ಪಾ, ಯು ಕ್ರೈಡ್ ಆನ್ ದ ಮ್ಯಾಜಿಕ್ ಕಾರ್ಪೆಟ್” ಎಂದಳು. ಹೆಂಡತಿ ಸುಧಾ, “ಈಗಲೂ ಕಾಲ ಮಿಂಚಿಲ್ಲ ರೀ, ಫೋನ್ ಮಾಡಿ ನಿಜ ಹೇಳ್ಬಿಡಿ” ಎಂದಳು. ಹೇಳಬಹುದಿತ್ತು. ಆದರೆ ಲಾಡ್ಜಿನವರಿಗೆ ಹೇಳಿದರೆ ಸ್ಟ್ಯಾನ್ಲಿಗೆ ತಿಳಿಯುತ್ತದೆ. ಸ್ಟ್ಯಾನ್ಲಿಗೆ ತಿಳಿದರೆ ಮೂರೂ ಊರಿನ ಕನ್ನಡ ಸಂಘಗಳಿಗೆ ಬೇರೆ ಪ್ರಕಟಣೆ ಬೇಕಿಲ್ಲ. ನನ್ನ ಹಟ ಗೊತ್ತಿರುವ ಸುಧಾ ಮತ್ತೆ ಮಾತಾಡದೆ ಎರಡು ಕಿಲೋ ಕೋಡುಬಳೆ ಕರಿದು ಕಟ್ಟಿಕೊಟ್ಟಳು.

ಲಾಡ್ಜ್ ಇದ್ದದ್ದು ಜಲ್ಲಿ ರಸ್ತೆಯ ಕೊನೆಯಲ್ಲಿ. ಕೊನೆಯ ಸರ್ವೋ, ಅಂದರೆ ಪೆಟ್ರೋಲ್ ಬಂಕ್, ಕಳೆದು ಒಂದು ಗಂಟೆಯಾದ ಮೇಲೆ ಫೋನಿನ ಸಿಗ್ನಲ್ ಹೋಯಿತು. ಸುತ್ತ ನಾಲ್ಕೂ ಕಡೆ ಬೆಳ್ಳಗೆ ಬೆಟ್ಟ. ನೋಡಿದವರು ಆಹಾ ಎನ್ನಬೇಕು. ನಾನು ಮಾತ್ರ ಎಲ್ಲಿಂದ ಉರುಳಿದರೆ ಎಲ್ಲಿಗೆ ಬಂದು ನಿಲ್ಲುತ್ತೇನೆ ಎಂದು ಅಳತೆ ಹಾಕುತ್ತಿದ್ದೆ. ನಮ್ಮ ಗೈಡ್ ಕೇಟ್ ಎಂಬ ಹೆಂಗಸು, ಮಿತಭಾಷಿ. ಊಟದ ಹೊತ್ತಿಗೆ, “ನೀವು ಮೂವರೂ ಎಷ್ಟು ಕಾಲದಿಂದ ಸ್ಕೀ ಮಾಡ್ತಿದ್ದೀರಿ?” ಎಂದು ಕೇಳಿದಳು. ಇಮ್ತಿಯಾಜ್ ಸೂಪು ಊದುತ್ತಾ, “ಬಹಳ ಕಾಲದ ಹಿಂದೆ ಶುರು ಮಾಡಿದ್ದು” ಎಂದ. ಸ್ಟ್ಯಾನ್ಲಿ ಗಂಭೀರವಾಗಿ ತಲೆಯಾಡಿಸಿದ. ಈಗ ಹೇಳಿಬಿಡಬೇಕು ಎಂದು ನಾನು ಬಾಯಿ ತೆರೆದೆ. ಬ್ರೆಡ್ ಇಟ್ಟುಕೊಂಡು ಮುಚ್ಚಿದೆ.

ಮರುದಿನ ಬೆಳಿಗ್ಗೆ ಹಿಮಕುಸಿತದ ಪಾಠ. ಎಲ್ಲರೂ ಎದೆಗೆ ಒಂದು ಪುಟ್ಟ ಯಂತ್ರ ಕಟ್ಟಿಕೊಳ್ಳಬೇಕು. ಹಿಮದಡಿ ಹೂತುಹೋದರೆ ಅದು ಕೊಡುವ ಸಿಗ್ನಲ್ ಹಿಡಿದು ಉಳಿದವರು ಬಂದು ಅಗೆದು ತೆಗೆಯುತ್ತಾರಂತೆ. ಅಭ್ಯಾಸಕ್ಕೆಂದು ಕೇಟ್ ಒಂದು ಯಂತ್ರವನ್ನು ಚೀಲದಲ್ಲಿಟ್ಟು ಹೂತು, ಹುಡುಕಿ ಎಂದಳು. ಸ್ಟ್ಯಾನ್ಲಿ ಅದರ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಕೊನೆಗೆ ಲಾಡ್ಜಿನ ಗ್ಯಾಸ್ ಸಿಲಿಂಡರಿನ ಹತ್ತಿರ ಅಗೆಯತೊಡಗಿದ. ಮೋರ್ಲಿಯ ಶಾಪಿಂಗ್ ಸೆಂಟರಿನಲ್ಲಿ ತನ್ನ ಕಾರು ಎಲ್ಲಿ ನಿಲ್ಲಿಸಿದ್ದೇನೆಂದು ಮರೆತು ಸೆಕ್ಯುರಿಟಿಯವರನ್ನು ಕರೆಸುವ ಮನುಷ್ಯ ಇವನು. ನಾನು ಹೂತುಹೋದರೆ ನನ್ನನ್ನು ಹುಡುಕಬೇಕಾದವನೂ ಇವನೇ. ನನಗೆ ನಿಜವಾದ ಭಯ ಶುರುವಾದದ್ದು ಆಗ. ಅಂಗೈ ಬೆವೆತವು, ಬಾಯಿ ಒಣಗಿತು. ಇವೆಲ್ಲ ಯಾವ ಲಕ್ಷಣ ಎಂದು ಗೊತ್ತಿರುವ ವೈದ್ಯನಾಗಿದ್ದರಿಂದ ಇನ್ನಷ್ಟು ಹೆದರಿದೆ.

ಆಮೇಲೆ ತೂಕ. ಹೆಲಿಕಾಪ್ಟರಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ನಿರ್ಧರಿಸುವುದಕ್ಕೆ ಎಲ್ಲರನ್ನೂ ಅಂಗಳದಲ್ಲಿ ಯಂತ್ರದ ಮೇಲೆ ನಿಲ್ಲಿಸಿದರು. ನಾನು ನಿಂತೆ. ತೊಂಬತ್ತೇಳು. ಕೇಟ್ ಕೈಯಲ್ಲಿದ್ದ ಫಾರಂ ನೋಡಿದಳು, ನನ್ನನ್ನು ನೋಡಿದಳು. “ಬೂಟು, ಬಟ್ಟೆ, ಬ್ಯಾಗು ಎಲ್ಲ ಸೇರಿದೆಯಲ್ಲ” ಎಂದೆ. ಅವಳು ನನ್ನ ಬ್ಯಾಗಿಗೆ ಕೈ ಹಾಕಿ ಕೋಡುಬಳೆಯ ಪೊಟ್ಟಣ ತೆಗೆದು ಬದಿಗಿಟ್ಟಳು. ತೊಂಬತ್ತೈದು. ಪೊಟ್ಟಣವನ್ನು ಮತ್ತೆ ನನ್ನ ಬ್ಯಾಗಿಗೇ ಹಾಕಿ, ಒಂದಿಷ್ಟೂ ದನಿ ಏರಿಸದೆ, “ಸುಳ್ಳು ಬರೆದರೆ ನನಗೇನೂ ಕಷ್ಟವಿಲ್ಲ ಡಾಕ್ಟರ್, ಹಾರುವವರು ನೀವು” ಎಂದಳು. ಆ ವಾಕ್ಯ ನನಗೆ ಎಷ್ಟು ಪರಿಚಿತವೆಂದು ಅವಳಿಗೇನು ಗೊತ್ತು. ಇಪ್ಪತ್ತು ವರ್ಷ ನಾನು ಗದರಿಸಿದ ರೋಗಿಗಳೆಲ್ಲ ಕಣ್ಮುಂದೆ ಬಂದರು. ಆಗಲಾದರೂ ಸ್ಕೀ ಅನುಭವದ ಎರಡನೆಯ ಸುಳ್ಳನ್ನೂ ಒಪ್ಪಿಕೊಳ್ಳಬಹುದಿತ್ತು. ಪಕ್ಕದಲ್ಲಿ ಸ್ಟ್ಯಾನ್ಲಿ ನಗುತ್ತಿದ್ದ. ಒಪ್ಪಿಕೊಳ್ಳಲಿಲ್ಲ.

ಹೆಲಿಕಾಪ್ಟರ್ ಮೇಲಕ್ಕೆದ್ದಾಗ ನಾನು ಕಣ್ಣು ಮುಚ್ಚಿದೆ. ರೋಗಿಗಳಿಗೆ ಹೇಳುವ ಹಾಗೆ ಹತ್ತರಿಂದ ಹಿಂದಕ್ಕೆ ಎಣಿಸಿದೆ. ಅವರೆಲ್ಲ ಏಳರೊಳಗೆ ಮಲಗಿಬಿಡುತ್ತಾರೆ. ನಾನು ಸೊನ್ನೆ ದಾಟಿದರೂ ಎಚ್ಚರವಾಗಿದ್ದೆ. ಕಣ್ಣು ಬಿಟ್ಟಾಗ ನಮ್ಮನ್ನು ಒಂದು ಶಿಖರದ ಮೇಲೆ ಇಳಿಸಿದ್ದರು. ಶಿಖರ ಎಂದರೆ ನಮ್ಮ ಮನೆಯ ಹಾಲ್‌ನಷ್ಟು ಜಾಗ, ಅದರಾಚೆ ಏನೂ ಇಲ್ಲ. ಹೆಲಿಕಾಪ್ಟರ್ ಹಿಮ ಎರಚಿ ಹೊರಟುಹೋಯಿತು. ಕೇಟ್ ಸ್ಕೀ ತೊಡುತ್ತಾ, “ಮೊದಲನೇದು ಸುಲಭದ ಇಳಿಜಾರು. ನೀವು ಮುಂದೆ ಹೋಗಿ ಎರಡು ತಿರುವು ತೋರಿಸಿ” ಎಂದು ನನಗೇ ಹೇಳಿದಳು. ಸುಲಭದ ಇಳಿಜಾರನ್ನು ಬಗ್ಗಿ ನೋಡಿದೆ. ಸುಧಾ ನೆನಪಾದಳು, ಮಗಳು ನೆನಪಾದಳು. ಸ್ಟ್ಯಾನ್ಲಿ ಏನು ಬೇಕಾದರೂ ಅಂದುಕೊಳ್ಳಲಿ, ಸತ್ತು ಶೂರನಾಗುವುದು ನನ್ನಿಂದ ಆಗದು ಅನ್ನಿಸಿತು.

“ನನಗೆ ಸ್ಕೀ ಬರೋದಿಲ್ಲ” ಎಂದೆ. “ಮಕ್ಕಳ ಕ್ಲಾಸಿನಲ್ಲಿ ಮೂರು ದಿನ ಇದ್ದೆ, ಅಷ್ಟೇ.” ಹೇಳಿ ಹಿಮದ ಮೇಲೆ ಕುಳಿತುಬಿಟ್ಟೆ.

ಗೇಲಿಗೆ ಕಾದೆ, ಬರಲಿಲ್ಲ. ಸ್ಟ್ಯಾನ್ಲಿ ತನ್ನ ಸ್ಕೀಯ ತುದಿ ನೋಡುತ್ತಾ, “ನಾನು ಮರಳಲ್ಲಿ ಮಾಡಿದ್ದೀನಿ” ಎಂದ. ಕೇಟ್ ತಿರುಗಿದಳು. “ಪರ್ತ್ ಹತ್ರ ಮರಳು ದಿಬ್ಬ ಇದೆ. ಹಲಗೆ ಮೇಲೆ ಕೂತ್ಕೊಂಡು ಜಾರೋದು. ಒಂದು ಆರ್ವೋ.” ಒಂದೇ ಒಂದು ಮಧ್ಯಾಹ್ನ. ನಾವಿಬ್ಬರೂ ಇಮ್ತಿಯಾಜ್‌ನತ್ತ ನೋಡಿದೆವು. ಇದನ್ನೆಲ್ಲ ಶುರುಮಾಡಿದವನು ಅವನು ತಾನೆ. ಅವನು ಕನ್ನಡಕ ಒರೆಸಿಕೊಳ್ಳುತ್ತಾ ನನಗೆ ಕನ್ನಡದಲ್ಲಿ, “ನಿಮ್ಮಿಬ್ಬರಿಗೂ ಬರುತ್ತೆ ಅಂದ್ಕೊಂಡೆ ಕಣೋ. ಹಿಂದೆ ಹಿಂದೆ ಬಂದ್ಬಿಡೋಣ ಅಂತ” ಎಂದ.

“ಮತ್ತೆ ಮೂವರೂ ಯಾಕೆ ಅಡ್ವಾನ್ಸ್ಡ್ ಅಂತ ಹಾಕಿದ್ರಿ?” ಎಂದು ಕೇಟ್ ಕೇಳಿದಳು. ಮೂವರಿಗೂ ಉತ್ತರ ಗೊತ್ತಿತ್ತು. ಕೊನೇ ಬಾಕ್ಸ್‌ಗೆ ಟಿಕ್ ಹಾಕು ಎಂದಿದ್ದ ಆ ಹಿರಿಯ ಕನ್ನಡಿಗರು ನಮ್ಮ ಮೂವರಿಗೂ ಅದೇ ಪಾಠ ಮಾಡಿದ್ದರು. ಆಕೆ ವೈರ್‌ಲೆಸ್ಸಿನಲ್ಲಿ ಪೈಲಟ್ಟಿಗೆ ಏನೋ ಹೇಳಿದಳು. ಹೆಲಿಕಾಪ್ಟರ್ ಇನ್ನೊಂದು ತಂಡವನ್ನು ಬಿಟ್ಟು ಬರಲು ಮುಕ್ಕಾಲು ಗಂಟೆ ಬೇಕಿತ್ತು. ಅಲ್ಲಿಯವರೆಗೆ ಲೋಕದ ನೆತ್ತಿಯ ಮೇಲೆ ಕುಳಿತು ನಾಲ್ವರೂ ಕೋಡುಬಳೆ ತಿಂದೆವು. ಕೇಟ್ ಎಂಟು ತಿಂದಳು. ಹೆಲಿಕಾಪ್ಟರ್ ಬಂದಾಗ ಬರಿದಾದ ಪೊಟ್ಟಣ ನೋಡಿ, “ಇಳಿಯುವಾಗ ಹಗುರ” ಎಂದಳು. ಆ ಎರಡು ದಿನದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಊರಿಗೆ ಬಂದ ಮೇಲೆ ಇನ್ನು ಸುಳ್ಳು ಹೇಳಬಾರದು ಎಂದು ತೀರ್ಮಾನಿಸಿದೆ. ಅದು ಹತ್ತು ದಿನ ಬಾಳಿತು. ಹನ್ನೊಂದನೆಯ ದಿನ ಹರ್ನಿಯಾ ಆಪರೇಷನ್ನಿಗೆ ಬಂದಿದ್ದ ವಯಸ್ಸಾದ ರೈತರೊಬ್ಬರನ್ನು ನೋಡಲು ಹೋದೆ. ತೂಕ ಕೇಳಿದೆ. ಎಪ್ಪತ್ತೆರಡು ಎಂದರು. ನಾನು ಗದರಿಸಲಿಲ್ಲ, ಮೆಲ್ಲಗೆ ಕೈ ಹಿಡಿದು ಯಂತ್ರದ ಮೇಲೆ ನಿಲ್ಲಿಸಿದೆ. ತೊಂಬತ್ತೊಂದು. ಅವರು ನಾಚಿಕೊಂಡರು. ಆಮೇಲೆ ಹಾಸಿಗೆಯ ಮೇಲೆ ಮಲಗಿ, ನನ್ನ ತೋಳು ಹಿಡಿದುಕೊಂಡು, “ಡಾಕ್ಟರ್, ನಿಜ ಹೇಳಿ, ನಿಮಗೆ ಯಾವತ್ತಾದರೂ ಹೀಗೆ ಮತ್ತು ಕೊಟ್ಟಿದ್ದಾರಾ? ಹೆದರಿಕೆ ಆಗುತ್ತಾ?” ಎಂದು ಕೇಳಿದರು.

ನನಗೆ ಜೀವನದಲ್ಲಿ ಒಂದು ಸಲವೂ ಮತ್ತು ಕೊಟ್ಟಿಲ್ಲ. ಅದರ ಹೆಸರೆತ್ತಿದರೆ ನಡುಗುತ್ತೇನೆ. ಮಂಡಿಯ ಆಪರೇಷನ್ನನ್ನು ಆರು ವರ್ಷದಿಂದ ಮುಂದಕ್ಕೆ ಹಾಕುತ್ತಾ ಬಂದಿರುವುದು ಅದಕ್ಕೇ. ನಿಜ ಹೇಳಲೆಂದೇ ಬಾಯಿ ತೆರೆದೆ.

“ಓ, ಬೇಕಾದಷ್ಟು ಸಲ” ಎಂದುಬಿಟ್ಟೆ. “ಏನೂ ಆಗೋದಿಲ್ಲ.”

“ಹಾಗಾದರೆ ಸರಿ” ಎಂದು ಅವರು ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ನಾಡಿ ನೋಡಿದೆ, ಎಪ್ಪತ್ತಕ್ಕೆ ಇಳಿದಿತ್ತು. ಅವರ ಕೈ ಕೆಳಗಿಟ್ಟು, ಸುಮ್ಮನೆ ನನ್ನದೂ ಹಿಡಿದು ನೋಡಿಕೊಂಡೆ. ನೂರಿಪ್ಪತ್ತು.